ಹದಿನಾರರ ಓದುಗರಿಗೆ ನಾವು ಕೊಟ್ಟಿದ್ದೇನು?

ಕನ್ನಡ ಸಾಹಿತ್ಯದ ಪಾಲಿಗೆ ಓದುಗರ ವಯಸ್ಸು ಎರಡೇ ಬಗೆ. ಹನ್ನೆರಡರೊಳಗಿನವರಿಗೆ ಆನೆ, ಇರುವೆ, ಚಂದಮಾಮ. ಇಪ್ಪತ್ತು ದಾಟಿದವರಿಗೆ ಕಾದಂಬರಿ, ವಿಮರ್ಶೆ, ಆತ್ಮಕಥೆ. ನಡುವಿನ ಆರೇಳು ವರ್ಷ ಮನುಷ್ಯನ ಬಾಳಿನಲ್ಲಿ ಬರುವುದೇ ಇಲ್ಲವೆಂದು ನಮ್ಮ ಲೇಖಕರೂ ಪ್ರಕಾಶಕರೂ ಕೂಡಿ ತೀರ್ಮಾನಿಸಿದಂತಿದೆ. ಆದರೆ ಆ ವರ್ಷಗಳು ಬಂದೇ ಬರುತ್ತವೆ. ಹದಿನಾಲ್ಕು ಹದಿನೈದರಲ್ಲಿ ಹುಡುಗನೊಬ್ಬ ಹುಡುಗಿಯೊಬ್ಬಳನ್ನು ನೋಡಿ ಮಾತು ಮರೆಯುತ್ತಾನೆ. ಅದೇ ವರ್ಷ ಅವನ ಅಪ್ಪ ಹಾಸಿಗೆ ಹಿಡಿಯುತ್ತಾನೆ. ಅವಳ ಮನೆಯಲ್ಲಿ ಅಣ್ಣತಮ್ಮಂದಿರ ಜಗಳಕ್ಕೆ ಒಲೆ ಎರಡಾಗುತ್ತದೆ. ಇವರಿಬ್ಬರೂ ಓದಿ ತಮ್ಮನ್ನು ತಾವು ಕಂಡುಕೊಳ್ಳಬಹುದಾದ, ಅವರಿಗೆಂದೇ ಬರೆದ ಕನ್ನಡ ಪುಸ್ತಕಗಳನ್ನು ಎಣಿಸಲು ಎರಡು ಕೈಯ ಬೆರಳು ಬೇಕಾದೀತೆ?

ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರವನ್ನು ಕೊಡುತ್ತ ಬಂದಿದೆ, 2011ರಿಂದ ಯುವ ಪುರಸ್ಕಾರವನ್ನು. ಎರಡನೆಯದರ ಹೆಸರು ಕೇಳಿ ನನ್ನಂಥವರು ಹಿಗ್ಗಬೇಕಾಗಿಲ್ಲ. ಅದು ಮೂವತ್ತೈದರೊಳಗಿನ ಲೇಖಕರಿಗೆ ಕೊಡುವ ಪುರಸ್ಕಾರ. ಬರೆಯುವವನಿಗೆ ಎಷ್ಟು ವಯಸ್ಸು ಎಂದು ಕೇಳುವವರಿದ್ದಾರೆ. ಓದುವವಳಿಗೆ ಎಷ್ಟು ಎಂದು ಕೇಳುವವರಿಲ್ಲ.

ನಾನು ಯಾದಗಿರಿ ಜಿಲ್ಲೆಯಲ್ಲಿ ಕನ್ನಡ ಪಾಠ ಹೇಳುವವನು. ಯಾದಗಿರಿ, ಶಹಾಪುರ, ಸುರಪುರ, ಈ ಮೂರು ತಾಲ್ಲೂಕುಗಳ ಹಳ್ಳಿಗಳಿಂದ ಬಸ್ಸಿನಲ್ಲಿ ನಿಂತು ಬರುವ ಹುಡುಗ ಹುಡುಗಿಯರೇ ನನ್ನ ವಿದ್ಯಾರ್ಥಿಗಳು. ಅವರ ವಯಸ್ಸಿನ ಪ್ರೇಮವನ್ನೂ ದುಃಖವನ್ನೂ ಮರ್ಯಾದೆಯಿಂದ ನಡೆಸಿಕೊಳ್ಳುವ ಗದ್ಯಕಥೆ ಕನ್ನಡದಲ್ಲಿ ಬೇಕು ಎಂದು ನಾನು ಹೇಳಿದಾಗಲೆಲ್ಲ ಮೂರು ಆಕ್ಷೇಪಗಳು ಎದುರಾಗುತ್ತವೆ. ಒಂದೊಂದನ್ನೇ ನೋಡೋಣ.

ಮೊದಲನೆಯದು: ಇದೆಲ್ಲ ಪರದೇಶದ ಸರಕು, ನಮ್ಮ ಸಂಪ್ರದಾಯಕ್ಕೆ ಒಗ್ಗದು. ಹೀಗೆನ್ನುವವರು ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿಲ್ಲ, ಅಥವಾ ಓದಿ ಮರೆತಿದ್ದಾರೆ. ಕವಿಯ ದೇವಪುರ ಯಾವುದೆಂಬ ವಿವಾದ ಹಳೆಯದು. ಚಿಕ್ಕಮಗಳೂರು ಜಿಲ್ಲೆಯ ದೇವನೂರು ಎಂಬುದು ಒಂದು ಪಕ್ಷ. ನಮ್ಮ ಸುರಪುರದ ಬಳಿಯ ದೇವಪುರ ಎಂಬುದು ಇನ್ನೊಂದು. ಆ ವ್ಯಾಜ್ಯ ಇಲ್ಲಿ ಬೇಡ. ಕಾವ್ಯದೊಳಗಿನ ಚಂದ್ರಹಾಸನ ಕಥೆಯನ್ನಷ್ಟೇ ನೆನೆಯೋಣ. ಚಂದ್ರಹಾಸ ಹುಟ್ಟಿದ ಕೆಲವೇ ದಿನಗಳಲ್ಲಿ ತಂದೆತಾಯಿಗಳನ್ನು ಕಳೆದುಕೊಂಡವನು. ಸಾಕಿದ ದಾದಿಯೂ ಸಾಯುತ್ತಾಳೆ; ಮಗು ಕುಂತಳಪುರದ ಬೀದಿಯ ಪಾಲಾಗುತ್ತದೆ. ಮಂತ್ರಿ ದುಷ್ಟಬುದ್ಧಿ ಅವನನ್ನು ಕೊಲ್ಲಲು ಕಟುಕರನ್ನು ಕಳಿಸುತ್ತಾನೆ. ಅವರು ಮರುಗಿ ಆರನೆಯ ಕಾಲ್ಬೆರಳನ್ನು ಮಾತ್ರ ಕತ್ತರಿಸಿ ಬಿಡುತ್ತಾರೆ. ಮುಂದೆ ಹರೆಯಕ್ಕೆ ಬಂದ ಹುಡುಗ ತನ್ನ ಮರಣಶಾಸನವನ್ನು ತಾನೇ ಹೊತ್ತು ಬಂದು ಉಪವನದಲ್ಲಿ ಮಲಗಿ ನಿದ್ರಿಸುತ್ತಾನೆ. ಮಂತ್ರಿಯ ಮಗಳು ವಿಷಯೆ ಅವನನ್ನು ನೋಡುತ್ತಾಳೆ, ಮನಸೋಲುತ್ತಾಳೆ, ಓಲೆಯನ್ನು ತೆಗೆದು ಓದುತ್ತಾಳೆ, ಇವನಿಗೆ ವಿಷವನ್ನು ಕೊಡು ಎಂದಿದ್ದುದನ್ನು ವಿಷಯೆಯನ್ನು ಕೊಡು ಎಂದು ತಿದ್ದುತ್ತಾಳೆ.

ಅನಾಥ ಬಾಲ್ಯ, ಮನೆಯ ಹಿರಿಯನ ದ್ವೇಷ, ಎಳೆಯರಿಬ್ಬರ ಒಲವು, ಸಾವಿನ ನೆರಳು: ಇಂದಿನವರು ಹದಿಹರೆಯದ ಕಾದಂಬರಿ ಎನ್ನುವುದಕ್ಕೆ ಇನ್ನೇನು ಬೇಕು? ಇದನ್ನು ನಮ್ಮ ಹಿರಿಯರು ಕದ್ದು ಓದಲಿಲ್ಲ. ಹಜಾರದಲ್ಲಿ ಮನೆಮಂದಿಯೆಲ್ಲ ಕುಳಿತು ವಾಚನ ಮಾಡಿಸಿ ಕೇಳಿದರು. ಯಕ್ಷಗಾನದಲ್ಲಿ ಬೆಳತನಕ ಆಡಿಸಿದರು. ವಿಷಯೆ ತಂದೆಯ ಗುಟ್ಟಿನ ಪತ್ರವನ್ನು ಒಡೆದದ್ದು ತಪ್ಪೆಂದು ಯಾವ ಅಜ್ಜಿಯೂ ಮೊಮ್ಮಗಳ ಕಿವಿ ಮುಚ್ಚಲಿಲ್ಲ.

ಕಾವ್ಯದ ಮಾತು ಹಾಗಿರಲಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಮೊಹರಮ್ಮಿಗೆ ಅಲಾಯಿ ಕುಣಿ ತೋಡುತ್ತಾರೆ. ಹಿಂದೂ ಮುಸಲ್ಮಾನರೆನ್ನದೆ ಹೆಜ್ಜೆಯಿಕ್ಕಿ ಕನ್ನಡದಲ್ಲೇ ರಿವಾಯತ್ ಹಾಡುತ್ತಾರೆ. ಕರ್ಬಲಾದ ಕಥೆಯಲ್ಲಿ ಕಾಸಿಂ ಎಂಬ ಎಳೆಯ ಮದುಮಗನಿದ್ದಾನೆ. ಮದುವೆಯ ಬೆನ್ನಿಗೇ ರಣಕ್ಕೆ ಹೋಗಿ ಮಡಿದವನೆಂದು ಜನ ಅವನನ್ನು ನೆನೆದು ಅಳುತ್ತಾರೆ. ಆ ಅಳುವಿನಲ್ಲಿ ಹನ್ನೆರಡರ ಹುಡುಗನಿಗೂ ಜಾಗವುಂಟು, ಎಂಬತ್ತರ ಮುದುಕನಿಗೂ ಜಾಗವುಂಟು. ಎಳೆಯರ ದುಃಖವನ್ನು ಎಳೆಯರ ಮುಂದೆ ಹೇಳಬಾರದೆಂಬ ಕಟ್ಟಳೆ ನಮ್ಮ ಸಂಪ್ರದಾಯದಲ್ಲಿ ಎಲ್ಲಿಯೂ ಇಲ್ಲ. ಅದು ನಮ್ಮ ಮಧ್ಯಮವರ್ಗ ಪಟ್ಟಣ ಸೇರಿದ ಮೇಲೆ ಕಟ್ಟಿಕೊಂಡ ಗೋಡೆ.

ಇನ್ನೂ ಒಂದು ಸ್ವಾರಸ್ಯವಿದೆ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. 1841ರಿಂದ 1853ರವರೆಗೆ ಅಲ್ಲಿ ಅಧಿಕಾರ ನಡೆಸಿದ ಮೆಡೋಸ್ ಟೇಲರ್ ಊರಿಗೆ ಮರಳಿದ ಮೇಲೆ, 1863ರಲ್ಲಿ, ‘ತಾರಾ’ ಎಂಬ ಕಾದಂಬರಿಯನ್ನು ಪ್ರಕಟಿಸಿದ. ತುಳಜಾಪುರದ ಶಾಸ್ತ್ರಿಯೊಬ್ಬರ ಮಗಳು, ಎಳೆಯ ವಿಧವೆ, ಅದರ ನಾಯಿಕೆ. ಅವಳ ಬದುಕಿಗೆ ಬರುವವನು ಬಿಜಾಪುರದ ಸರದಾರನ ಮಗ. ನಮ್ಮ ನೆಲದ ಎಳೆಯರ ಸಂಕಟದಲ್ಲಿ ಕಥೆಯಿದೆ ಎಂದು ಹೊರಗಿನವನಿಗೆ ಕಂಡಿತು. ಅದೇ ಟೇಲರನ ಪೋಷಣೆಯಲ್ಲಿ ಬೆಳೆದವನು ಸುರಪುರದ ರಾಜಾ ವೆಂಕಟಪ್ಪ ನಾಯಕ. ತಂದೆ ತೀರಿಕೊಂಡಾಗ ಅವನು ಇನ್ನೂ ಮಗು. ಅರಮನೆಯಲ್ಲಿ ತಾಯಿ ರಾಣಿ ಈಶ್ವರಮ್ಮನಿಗೂ ತಂದೆಯ ಸಹೋದರನಿಗೂ ಅಧಿಕಾರದ ಕಲಹ. 1858ರ ಬಂಡಾಯದ ವೀರನೆಂದು ಅವನನ್ನು ನಾವು ಪೂಜಿಸುತ್ತೇವೆ, ಯೋಗ್ಯವೇ. ಅದೇ ವರ್ಷ ಇಪ್ಪತ್ತನಾಲ್ಕರ ಸುಮಾರಿನಲ್ಲಿ ಅವನು ಮಡಿದ. ಅದಕ್ಕೆ ಮೊದಲು ಅವನಿಗೆ ಹದಿನಾರು ಆಗಿರಲಿಲ್ಲವೆ? ತಂದೆಯಿಲ್ಲದ, ತಾಯಿ ಒಂದು ಕಡೆ ಸಾಕಿದ ದೊರೆ ಒಂದು ಕಡೆ ಎಳೆಯುತ್ತಿದ್ದ ಆ ಹುಡುಗನನ್ನು ಕುರಿತು ಬರೆದು ಇಂದಿನ ಹದಿನಾರರವರ ಕೈಗಿಡುವವರು ಬೇಡವೆ?

ಎರಡನೆಯ ಆಕ್ಷೇಪ: ಹುಡುಗರು ಕೆಡುತ್ತಾರೆ. ಅದಕ್ಕೆ ಈಗ ಹೊಸ ಬೆಂಬಲವೂ ಸಿಕ್ಕಿದೆ. 2012ರ ಪೋಕ್ಸೋ ಕಾಯಿದೆ ಹದಿನೆಂಟರ ಕೆಳಗಿನವರ ಸಮ್ಮತಿಯನ್ನು ಸಮ್ಮತಿಯೆಂದು ಒಪ್ಪುವುದಿಲ್ಲ. ಆದ್ದರಿಂದ ಆ ವಯಸ್ಸಿನ ಪ್ರೇಮದ ಮಾತೇ ಅಪಾಯಕಾರಿ ಎನ್ನುತ್ತಾರೆ. ಕಾಯಿದೆಯನ್ನು ನಾನು ಪ್ರಶ್ನಿಸುತ್ತಿಲ್ಲ. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಹದಿನಾರು ದಾಟಿದ ಹುಡುಗಿಯರು ಪ್ರೇಮಿಸಿ ಮನೆ ಬಿಟ್ಟ ಪ್ರಕರಣಗಳನ್ನು ಕಂಡು, ವಯೋಮಿತಿಯನ್ನು ಮರುಚಿಂತಿಸಬೇಕೆಂದು ಕಾನೂನು ಆಯೋಗಕ್ಕೆ ಸೂಚಿಸಿತು. 2023ರಲ್ಲಿ ಆಯೋಗ ಮಿತಿಯನ್ನು ಇಳಿಸಬಾರದೆಂದು ವರದಿ ಕೊಟ್ಟಿತು. ಬಲ್ಲವರು ಚರ್ಚಿಸಲಿ. ಆದರೆ ಅದೇ ಪೀಠ ಒಂಬತ್ತನೆಯ ತರಗತಿಯಿಂದಲೇ ಮಕ್ಕಳಿಗೆ ಈ ಕಾಯಿದೆಯನ್ನು ತಿಳಿಸಿಕೊಡಬೇಕೆಂದೂ ಹೇಳಿತು. ತಿಳಿಸುವುದು ಹೇಗೆ? ಕಲಮುಗಳ ಪಟ್ಟಿ ಓದಿಸಿಯೆ? ಪ್ರೀತಿಸಿದ ಹುಡುಗನನ್ನು ಪೊಲೀಸರು ಕರೆದೊಯ್ದ ರಾತ್ರಿ ಹುಡುಗಿಯೊಬ್ಬಳ ಮನೆಯಲ್ಲಿ ಏನಾಯಿತು ಎಂಬ ಒಂದು ಒಳ್ಳೆಯ ಕಥೆ ಹತ್ತು ಭಾಷಣಗಳಿಗಿಂತ ಚೆನ್ನಾಗಿ ತಿಳಿಸೀತು. ಕಾನೂನು ಕೃತ್ಯವನ್ನು ತಡೆಯುತ್ತದೆ, ಕಥೆಯನ್ನಲ್ಲ.

ಕೆಡುವ ಮಾತಿಗೆ ಬರೋಣ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಯಾದಗಿರಿಗೆ ರಾಜ್ಯದಲ್ಲೇ ಕೊನೆಯ ಸ್ಥಾನ: ಶೇಕಡ 50.59. ಮರುವರ್ಷ ದ್ವಿತೀಯ ಪಿಯುಸಿಯಲ್ಲೂ ಕೊನೆಯ ಸ್ಥಾನ ನಮ್ಮದೇ: ಶೇಕಡ 48.45. ಯಾವ ಪ್ರೇಮಕಾದಂಬರಿ ಓದಿ ಇವರು ಕೆಟ್ಟರು? ಓದುವುದಕ್ಕೆ ಒಂದಾದರೂ ಇತ್ತೆ? 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇಕಡ 52ರಷ್ಟು, ಹೆಂಗಸರದು 41ರಷ್ಟು. ಓದಿ ಕೆಟ್ಟವರ ಲೆಕ್ಕ ನನಗೆ ಗೊತ್ತಿಲ್ಲ; ಓದದೆ ಕೆಟ್ಟವರನ್ನು ದಿನವೂ ನೋಡುತ್ತಿದ್ದೇನೆ.

ಒಮ್ಮೆ ಚಂದ್ರಹಾಸನ ಪಾಠ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ವಿಷಯೆಗ ಓದಾಕ ಬರ್ತಿದ್ದಿಲ್ಲಂದ್ರ ಏನಾಗ್ತಿತ್ರೀ?” ಎಂದಳು. ತರಗತಿ ನಕ್ಕಿತು, ಅವಳು ನಗಲಿಲ್ಲ. ಅವಳ ತಂಗಿಯನ್ನು ಆ ವರ್ಷವೇ ಒಂಬತ್ತನೆಯ ತರಗತಿಯಿಂದ ಬಿಡಿಸಿದ್ದರೆಂದು ಆಮೇಲೆ ತಿಳಿಯಿತು. ಜೈಮಿನಿ ಭಾರತದ ಮೇಲೆ ಬಂದಿರುವ ಪ್ರಬಂಧಗಳಲ್ಲಿ ಈ ಪ್ರಶ್ನೆಯನ್ನು ನಾನು ಕಂಡಿಲ್ಲ.

ಮೂರನೆಯ ಆಕ್ಷೇಪ ಸಾಹಿತ್ಯಜ್ಞರದು, ಅದಕ್ಕೆ ತೂಕವಿದೆ. ರೋಗ, ಸಾವು, ಪ್ರೇಮ ಮೂರನ್ನೂ ಬೆರೆಸಿದರೆ ಕಣ್ಣೀರಿನ ವ್ಯಾಪಾರವಾಗುತ್ತದೆ ಎನ್ನುತ್ತಾರೆ. ಆಗುವುದುಂಟು. 2012ರಲ್ಲಿ ಅಮೆರಿಕದ ಜಾನ್ ಗ್ರೀನ್ ಎಂಬ ಲೇಖಕ ಕ್ಯಾನ್ಸರ್ ಪೀಡಿತರಾದ ಹುಡುಗ ಹುಡುಗಿಯ ಪ್ರೇಮವನ್ನು ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಎಂಬ ಕಾದಂಬರಿಯಾಗಿ ಬರೆದ; ಜಗತ್ತಿನ ಎಳೆಯರು ಅದನ್ನು ಓದಿ ಅತ್ತರು. ಅದೇ ಕಥೆ 2020ರ ಜುಲೈಯಲ್ಲಿ ‘ದಿಲ್ ಬೇಚಾರಾ’ ಎಂಬ ಹಿಂದಿ ಚಿತ್ರವಾಗಿ, ನಾಯಕ ನಟ ಸುಶಾಂತ್ ಸಿಂಗ್ ರಾಜಪೂತ್ ತೀರಿಕೊಂಡ ಮರುತಿಂಗಳು, ಮನೆಮನೆಯ ಫೋನಿಗೆ ಬಂದಿತು. ಶಹಾಪುರದ ಹುಡುಗರೂ ನೋಡಿ ಅತ್ತರು. ಹಿಂದಿಯವರು ಕಥೆಯನ್ನು ಜಮ್‌ಶೆಡ್‌ಪುರಕ್ಕಾದರೂ ತಂದರು. ಅದನ್ನು ಹಾಗೆಯೇ ಎತ್ತಿ ಸುರಪುರದಲ್ಲಿಡಿ ಎಂದು ನಾನು ಹೇಳುವುದಿಲ್ಲ; ಇಲ್ಲಿ ಅದು ಸುಳ್ಳಾಗುತ್ತದೆ.

ಏಕೆಂದರೆ ನಮ್ಮಲ್ಲಿ ರೋಗಕ್ಕೆ ಆ ಚೆಲುವಿಲ್ಲ. ರೋಗವೆಂದರೆ ಕಲಬುರಗಿಗೋ ರಾಯಚೂರಿಗೋ ಸೊಲ್ಲಾಪುರಕ್ಕೋ ಹೋಗುವ ಬಸ್ಸು, ಮಾರಿದ ಎತ್ತು, ತೊಗರಿ ಬರುವ ಮುನ್ನವೇ ಎತ್ತಿದ ಸಾಲ. ಅಪ್ಪ ಅವ್ವ ಬೆಂಗಳೂರಿಗೆ, ಪುಣೆಗೆ ಗುಳೆ ಹೋದರೆ ಮುದುಕಿಯೊಂದಿಗೆ ಉಳಿದ ಹದಿನೈದರ ಹುಡುಗಿಯೇ ಮನೆಯ ಯಜಮಾನಿ. ಹಾಸಿಗೆ ಹಿಡಿದ ಹಿರಿಯರ ಬಾಯಲ್ಲಿ ಒಂದೇ ಮಾತು: “ನಾ ಕಣ್ಣ ಮುಚ್ಚೂದ್ರಾಗ ಆಕಿ ತಲಿ ಮ್ಯಾಲ ನಾಕು ಅಕ್ಕಿಕಾಳು ಬೀಳಲಿ.” ಸಾಯುವವರ ಆಸೆಯನ್ನು ಮೀರುವವರಾರು? ಆ ಮಾತಿನಲ್ಲಿ ಪ್ರೀತಿಯೂ ಇದೆ, ಅದೇ ಕಷ್ಟ. ಹುಡುಗಿಯ ಶಾಲೆ, ಅವಳು ಯಾರಿಗೂ ಹೇಳದ ಒಲವು, ಅವಳ ದುಃಖ, ಮೂರೂ ಒಂದೇ ಹಂದರದ ಕೆಳಗೆ ಮುಗಿಯುತ್ತವೆ. 2006ರ ಕೇಂದ್ರ ಕಾಯಿದೆ ಬಾಲ್ಯವಿವಾಹವನ್ನು ನಿಷೇಧಿಸಿತು. ಕರ್ನಾಟಕದ 2016ರ ತಿದ್ದುಪಡಿ ಅಂಥ ಮದುವೆ ಮೊದಲಿಂದಲೇ ಅಸಿಂಧು ಎಂದಿತು. ಆದರೆ ಸಾಯುತ್ತಿರುವ ಅಜ್ಜನ ಕಣ್ಣೆದುರು ಬೇಡ ಎನ್ನುವ ಧೈರ್ಯವನ್ನೂ, ಅಂದ ಮೇಲೆ ಉಳಿಯುವ ಪಾಪಪ್ರಜ್ಞೆಯನ್ನು ಹೊರುವ ಶಕ್ತಿಯನ್ನೂ ಯಾವ ಗೆಜೆಟ್ಟು ಕೊಟ್ಟೀತು?

ಮನೆಯೊಳಗಿನ ಕಾಯಿಲೆ ಹೇಗೆ ಹುಡುಗಿಯೊಬ್ಬಳ ಮದುವೆಯನ್ನು ಗೊತ್ತುಮಾಡುತ್ತದೆ, ಅವಳು ಮೆಚ್ಚಿದ್ದ ಹುಡುಗ ಆ ದಿನ ಎಲ್ಲಿದ್ದ, ಏನು ಮಾಡಿದ ಎಂದು ಬರೆದರೆ ಅದು ಕಣ್ಣೀರಿನ ವ್ಯಾಪಾರವಾಗದು. ಪರದೇಶದ ಅನುಕರಣೆಯಂತೂ ಆಗುವುದೇ ಇಲ್ಲ. ಈ ಕಥೆ ನಮ್ಮದಲ್ಲದೆ ಇನ್ನಾರದೂ ಅಲ್ಲ.

ಕಣ್ಣೀರಿಗೆ ಹೆದರುವ ವಿಮರ್ಶಕರಿಗೆ ಇನ್ನೊಂದು ನೆನಪು. 1963ರಲ್ಲಿ ಇನ್ನೂ ಮೂವತ್ತೈದು ತುಂಬದೆ ತೀರಿಕೊಂಡ ತ್ರಿವೇಣಿಯವರ ಕಾದಂಬರಿಗಳನ್ನು ಹೆಂಗಸರ ಓದು ಎಂದು ಮೂಗು ಮುರಿದವರಿದ್ದರು. ‘ಶರಪಂಜರ’ದಲ್ಲಿ ಆಕೆ ಮನಸ್ಸಿನ ರೋಗವನ್ನು ಮನೆಯ ಪಡಸಾಲೆಗೆ ತಂದಿಟ್ಟರು, ಆ ಪುಸ್ತಕಗಳನ್ನು ಎಷ್ಟೋ ಹುಡುಗಿಯರು ಪಠ್ಯದ ನಡುವೆ ಇಟ್ಟುಕೊಂಡು ಓದಿದರು. ಸಿನಿಮಾದವರಿಗೂ ಧೈರ್ಯ ಬಂದಿದೆ: 2019ರಲ್ಲಿ ರೂಪಾ ರಾವ್ ಅವರ ‘ಗಂಟುಮೂಟೆ’ ಶಾಲೆಯ ಹುಡುಗಿಯೊಬ್ಬಳ ಒಲವನ್ನೂ ನಷ್ಟವನ್ನೂ ಅವಳ ಕಣ್ಣಿನಿಂದಲೇ ನೋಡಿತು, ಉಪದೇಶ ಮಾಡಲಿಲ್ಲ. ಪುಸ್ತಕ ಮಾತ್ರ ಹಿಂದೆ ಉಳಿಯಬೇಕೆ?

ಹಾಗಾದರೆ ಆಗಬೇಕಾದದ್ದೇನು? ಲೇಖಕರು ಹದಿನಾರರ ಓದುಗರನ್ನು ಅರ್ಧ ಮಗುವೆಂದು ಬಗೆಯದೆ, ನೀತಿಪಾಠದ ಬಾಲ ಕಟ್ಟದೆ, ನೂರೈವತ್ತು ಪುಟದ ಕಾದಂಬರಿಗಳನ್ನು ಬರೆಯಲಿ. ನಮ್ಮ ಸೀಮೆಯವರು ನಮ್ಮ ಮಾತಿನಲ್ಲೇ ಬರೆಯಲಿ. ತನ್ನ ಅವ್ವ ಆಡುವ ಮಾತು ಅಚ್ಚಾಗಿ ಬಂದದ್ದನ್ನು ಶಹಾಪುರದ ಹುಡುಗನೂ ಒಮ್ಮೆ ನೋಡಲಿ. ಪ್ರಕಾಶಕರು ಬೆಲೆಯನ್ನು ಅವನ ಜೇಬಿಗೆ ಸಲ್ಲುವಂತೆ ಇಡಲಿ. ಅಕಾಡೆಮಿಗಳು ಲೇಖಕನ ವಯಸ್ಸಿನ ಜೊತೆಗೆ ಓದುಗನ ವಯಸ್ಸಿಗೂ ಒಂದು ಬಹುಮಾನ ಇಡಲಿ. ಜ್ಯೂನಿಯರ್ ಕಾಲೇಜುಗಳ ಗ್ರಂಥಾಲಯದ ಬೀರುಗಳ ಬೀಗ ತೆರೆಯಲಿ.

ಈ ಪುಟವನ್ನು ಭಾನುವಾರದ ಕಾಫಿಯೊಡನೆ ಓದುವ ನಗರದ ತಂದೆತಾಯಿಗಳಿಗೂ ಒಂದು ಮಾತು. ಇದು ಹಿಂದುಳಿದ ಜಿಲ್ಲೆಯ ಗೋಳು, ನಮ್ಮದಲ್ಲ ಎನ್ನಬೇಡಿ. ನಿಮ್ಮ ಮಗಳೂ ಅಜ್ಜಿಯ ಸಾವನ್ನು, ಅಪ್ಪ ಅಮ್ಮನ ಮುನಿಸನ್ನು, ಯಾರಿಗೂ ಹೇಳದ ಒಂದು ಹೆಸರನ್ನು ಎದೆಯಲ್ಲಿಟ್ಟುಕೊಂಡಿರಬಹುದು. ಅದನ್ನು ಹೇಳುವ ಪುಸ್ತಕ ಅವಳಿಗೆ ಇಂಗ್ಲಿಷಿನಲ್ಲಿ ಸಿಕ್ಕಿದೆ. ಆದ್ದರಿಂದ ಅವಳು ಇಂಗ್ಲಿಷನ್ನು ಓದುತ್ತಾಳೆ. ಮಕ್ಕಳು ಕನ್ನಡ ಓದುವುದಿಲ್ಲವೆಂದು ಗೊಣಗುವ ನಾವು, ಓದುವ ವಯಸ್ಸಿನಲ್ಲಿ ಅವರ ಕೈಗೆ ಏನನ್ನು ಕೊಟ್ಟೆವು ಎಂಬ ಲೆಕ್ಕವನ್ನು ಮೊದಲು ಒಪ್ಪಿಸಬೇಕು.