ಓಡಿದ್ದೇ ತಪ್ಪಾಯಿತೇ?

ಹಳೆಯ ಕಾರನ್ನು ಮಾರಲು ಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಎಷ್ಟು ಓಡಿದೆ?’ ಎಂಜಿನ್ ಹೇಗಿದೆ, ಅಪಘಾತವಾಗಿತ್ತೇ, ಕಾಗದಪತ್ರ ಸರಿಯಾಗಿದೆಯೇ ಎಂಬ ವಿಚಾರಣೆಗಳೆಲ್ಲ ಆಮೇಲಿನವು. ಈ ಪ್ರಶ್ನೆಗೆ ನಿಜ ಹೇಳಿದವನು ಮಾತುಕತೆಯ ಆರಂಭದಲ್ಲೇ ಸೋಲುತ್ತಾನೆ. ಮೀಟರ್ ತಿರುಗಿಸಿ ಕೂತವನು ಗೆಲ್ಲುತ್ತಾನೆ. ಒಂದು ವ್ಯಾಪಾರದಲ್ಲಿ ಇದೇ ರೂಢಿಯಾಗಿಬಿಟ್ಟರೆ ಅದರ ದಂಡ ತೆರುವವರು ಯಾರು ಎಂಬುದನ್ನು ನಾವು ಯೋಚಿಸಬೇಕಾದ ಕಾಲ ಬಂದಿದೆ.

ಈ ಮಾತನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ನಾನು ಮಾರಲು ಹೊರಟಿರುವುದು 2002ರಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದ ಹೋಂಡಾ ಸಿಟಿ ವಿಟೆಕ್ ಕಾರನ್ನು. ಕಾರುಗಳ ಹುಚ್ಚಿರುವವರಿಗೆ ಈ ಹೆಸರಷ್ಟೇ ಸಾಕು. 1.5 ಲೀಟರಿನ ಎಂಜಿನ್, 106 ಅಶ್ವಶಕ್ತಿ, ಅದಕ್ಕೆ ತಕ್ಕ ಹಗುರವಾದ ಮೈಕಟ್ಟು. ಎಂಜಿನ್ನಿನ ಸುತ್ತು ಏರಿದಂತೆ ಕವಾಟಗಳು ತೆರೆದುಕೊಳ್ಳುವ ಕ್ರಮವೇ ಬದಲಾಗುವ ತಂತ್ರ ಅದರೊಳಗಿದೆ. 2003ರಲ್ಲಿ ಅದೇ ಹೆಸರಿನ ಮುಂದಿನ ಕಾರು ಬಂದಾಗ, ಇಂಧನ ಮಿತವ್ಯಯದ ಲೆಕ್ಕಾಚಾರದಲ್ಲಿ ಶಕ್ತಿ 77ಕ್ಕೆ ಇಳಿಯಿತು. ಆದ್ದರಿಂದ ಹಳೆಯದರ ಮೇಲಿನ ಮೋಹ ಇಂದಿಗೂ ಕೆಲವರಲ್ಲಿ ಉಳಿದಿದೆ. ನನ್ನ ಕಾರು 23 ವರ್ಷಗಳಲ್ಲಿ 2,60,000 ಕಿಲೋಮೀಟರ್ ಓಡಿದೆ. ಮನೆಯಲ್ಲಿ ಎರಡು ಕಾರು ನಿಲ್ಲಿಸಲು ಜಾಗವಿಲ್ಲದೆ ಅದನ್ನು ಮಾರಾಟಕ್ಕಿಟ್ಟು ತಿಂಗಳುಗಳೇ ಕಳೆದಿವೆ. ಕಾರು ಇನ್ನೂ ಮನೆಯ ಮುಂದೆಯೇ ಇದೆ.

ಮಾರುಕಟ್ಟೆ ಮಂದವಾಗಿರುವುದಕ್ಕೆ ಕಾರಣಗಳಿಲ್ಲದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. ಹೊಸ ಕಾರಿನ ಬೆಲೆ ಇಳಿದರೆ ಐದು ವರ್ಷದ ಕಾರಿನ ಬೆಲೆ ಇಳಿಯಲೇಬೇಕು. ಅದು ಇಳಿದರೆ ಹತ್ತು ವರ್ಷದ್ದು, ಅದರ ಹಿಂದೆ ಇಪ್ಪತ್ತು ವರ್ಷದ್ದು. ಮೇಲಿನ ಮೆಟ್ಟಿಲು ಕುಸಿದರೆ ಕೆಳಗಿನವು ನಿಲ್ಲುವುದು ಹೇಗೆ? ಇದರ ಜೊತೆಗೆ, ಇಪ್ಪತ್ತು ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿತು. ಬಂಕುಗಳಲ್ಲಿ ಈಗ ಸಿಗುವುದು ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಹಳೆಯ ಕಾರುಗಳ ರಬ್ಬರ್ ಕೊಳವೆಗಳೂ ಸೀಲುಗಳೂ ಇಂಥ ಇಂಧನವನ್ನು ಕಲ್ಪಿಸಿಕೊಂಡು ರೂಪುಗೊಂಡವಲ್ಲ. ಇವೆಲ್ಲದರ ನಡುವೆ ಆಷಾಢ ಬಂದರೆ ವಾಹನದ ಮಾತೇ ಬೇಡ, ಧನುರ್ಮಾಸ ಬಂದರೆ ಸಂಕ್ರಾಂತಿ ಕಳೆಯಲಿ ಎನ್ನುವ ನಮ್ಮ ಪಂಚಾಂಗವೂ ಇದೆ.

ಇಂಥ ಕಾರಿಗೆ ಬರುವವರಲ್ಲಿ ಎರಡು ಬಗೆ. ಮೊದಲನೆಯವರು ಅಭಿಮಾನಿಗಳು. ಬಾನೆಟ್ ತೆಗೆಸಿ ಎಂಜಿನ್ನನ್ನು ದೇವರ ದರ್ಶನದಂತೆ ನೋಡುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಗೌರವದಿಂದಲೇ ಹೊರಡುತ್ತಾರೆ. ಅವರಲ್ಲಿ ಜ್ಞಾನವಿದೆ, ದುಡ್ಡಿಲ್ಲ. ಎರಡನೆಯವರು ಸಂಸಾರಕ್ಕೊಂದು ಕಾರು ಬೇಕೆಂದು ಬರುವವರು. ಅವರಲ್ಲಿ ಒಂದೂಮುಕ್ಕಾಲು ಲಕ್ಷ ರೂಪಾಯಿ ಇದೆ. ಆದರೆ 2,60,000 ಎಂಬ ಅಂಕಿ ಕಂಡ ಕೂಡಲೇ ಮುಖ ಬಾಡುತ್ತದೆ. ಟೈಮಿಂಗ್ ಬೆಲ್ಟ್, ಕ್ಲಚ್, ಶಾಕ್ ಅಬ್ಸಾರ್ಬರ್ ಬದಲಿಸಿದ ರಸೀದಿಗಳ ಕಡತವನ್ನು ಮುಂದಿಟ್ಟರೂ ಅದನ್ನು ತೆರೆದು ನೋಡಿದವರು ಇಬ್ಬರೋ ಮೂವರೋ.

ಈ ಹಂತದಲ್ಲಿ ದಲ್ಲಾಳಿಯ ಪ್ರವೇಶವಾಗುತ್ತದೆ. ನನ್ನ ಬಳಿ ಬಂದಾತ ವಿನಯವಂತನೇ. ‘ಸಾರ್, ಗಾಡಿ ಚೆನ್ನಾಗೇ ಇಟ್ಟಿದ್ದೀರಿ. ಮೀಟರ್ ಒಂದು ತೊಂಬತ್ತು ಸಾವಿರಕ್ಕೆ ತಂದ್ಬಿಟ್ರೆ ಇನ್ನೂ ನಲವತ್ತು ಸಾವಿರ ಜಾಸ್ತಿ ಬರತ್ತೆ. ಎಲ್ಲರೂ ಮಾಡಿಸ್ತಾರೆ, ನೀವೊಬ್ರೇ ಯಾಕೆ ಲಾಸ್ ಮಾಡ್ಕೋತೀರಿ?’ ಎಂದ. ಅವನ ಧ್ವನಿಯಲ್ಲಿ ಅಪರಾಧದ ಸುಳಿವಿರಲಿಲ್ಲ. ಕಾರಿಗೆ ಪಾಲಿಷ್ ಹೊಡೆಸುವ ಸಲಹೆಯಷ್ಟೇ ಸಹಜವಾಗಿತ್ತು. ನಾನು ಬೇಡವೆಂದೆ. ಅದು ದೊಡ್ಡ ಸಾಹಸವೇನೂ ಅಲ್ಲ. ಆದರೆ ಆ ‘ಎಲ್ಲರೂ’ ಎಂಬ ಪದ ನನ್ನನ್ನು ಬಹಳ ದಿನ ಕಾಡಿತು.

ಈ ಅಂಕಿಯನ್ನೇ ಸ್ವಲ್ಪ ಬಿಡಿಸಿ ನೋಡೋಣ. 23 ವರ್ಷಗಳಿಗೆ 2,60,000 ಕಿಲೋಮೀಟರ್ ಎಂದರೆ ವರ್ಷಕ್ಕೆ ಸುಮಾರು 11,300, ದಿನಕ್ಕೆ 31. ಬೆಂಗಳೂರಿನಲ್ಲಿ ಮನೆಯಿಂದ ಕಚೇರಿಗೆ ಹೋಗಿ ಬರುವ ಯಾರಿಗೂ ಇದು ವಿಶೇಷವೆನಿಸದು. ಈಗ ದಲ್ಲಾಳಿಯ ಲೆಕ್ಕಕ್ಕೆ ಬನ್ನಿ. ಅದೇ ಅವಧಿಗೆ 90,000 ಎಂದರೆ ದಿನಕ್ಕೆ ಹನ್ನೊಂದು ಕಿಲೋಮೀಟರ್ ಕೂಡ ಇಲ್ಲ. ನಿಜವಾಗಿಯೂ ಅಷ್ಟು ಕಡಿಮೆ ಓಡಿದ ಕಾರಿದ್ದರೆ ಅದು ವರ್ಷಗಟ್ಟಲೆ ನಿಂತೇ ಇತ್ತೆಂದು ಅರ್ಥ. ನಿಂತ ಕಾರಿನ ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ, ಟಯರು ಗಟ್ಟಿಯಾಗುತ್ತದೆ, ಬ್ರೇಕಿಗೆ ತುಕ್ಕು ಹಿಡಿಯುತ್ತದೆ. ಹೀಗಿದ್ದೂ ಕೊಳ್ಳುವವರ ಕಣ್ಣಿಗೆ ಕಡಿಮೆ ಅಂಕಿ ಶೀಲದಂತೆ, ಹೆಚ್ಚಿನ ಅಂಕಿ ಕಳಂಕದಂತೆ ಕಾಣುತ್ತದೆ. ಓಡಲೆಂದೇ ಮಾಡಿದ ಯಂತ್ರ ಓಡಿದ್ದೇ ತಪ್ಪಾಯಿತೇ?

ಕಿಲೋಮೀಟರ್ ಅಂಕಿ ಬೆಲೆ ಕಟ್ಟಲು ಮಾತ್ರ ಇರುವುದಲ್ಲ. ಅದು ಯಂತ್ರದ ಪಂಚಾಂಗವೂ ಹೌದು. ಎಂಜಿನ್ ಎಣ್ಣೆ, ಗೇರ್ ಎಣ್ಣೆ, ಬ್ರೇಕ್ ಪ್ಯಾಡು, ಟೈಮಿಂಗ್ ಬೆಲ್ಟ್ ಇವುಗಳನ್ನೆಲ್ಲ ಬದಲಿಸುವುದು ಆ ಅಂಕಿಯನ್ನು ನೋಡಿಯೇ. ನನ್ನ ಕಾರಿನಂಥ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟನ್ನು ಸುಮಾರು ಒಂದು ಲಕ್ಷ ಕಿಲೋಮೀಟರಿಗೊಮ್ಮೆ ಬದಲಿಸಬೇಕು. ಓಡುತ್ತಿರುವಾಗ ಅದು ಹರಿದರೆ ಪಿಸ್ಟನ್ನುಗಳು ಕವಾಟಗಳಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಮೀಟರ್ ತೊಂಬತ್ತು ಸಾವಿರ ಎಂದು ತೋರಿಸುತ್ತಿದ್ದರೆ ಹೊಸ ಮಾಲೀಕ ‘ಇನ್ನೂ ಸಮಯವಿದೆ’ ಎಂದುಕೊಳ್ಳುತ್ತಾನೆ. ಮಾರಿದವನಿಗೆ ಸಿಕ್ಕ ನಲವತ್ತು ಸಾವಿರ, ಕೊಂಡವನಿಗೆ ಅದಕ್ಕಿಂತ ದೊಡ್ಡ ಖರ್ಚಾಗಿ ಹೆದ್ದಾರಿಯ ನಡುವೆ ಎದುರಾಗುತ್ತದೆ. ಹಳೆಯ ಕಾರನ್ನು ಕೊಳ್ಳುವವರು ಯಾರು? ಮೊದಲ ಬಾರಿಗೆ ಕಾರಿನ ಆಸೆ ಪಟ್ಟ ಶಿಕ್ಷಕರು, ಅಂಗಡಿಯವರು, ಸಾಲ ಮಾಡಿ ಗಾಡಿ ಓಡಿಸಿ ಬದುಕಲು ಹೊರಟ ಹುಡುಗರು. ಮೋಸದ ಭಾರ ಹೊರಲು ಹೆಚ್ಚು ಶಕ್ತಿಯಿಲ್ಲದವರ ಹೆಗಲಿಗೇ ಅದು ಬೀಳುತ್ತದೆ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ‘ಲೆಮನ್’, ಅಂದರೆ ನಿಂಬೆಹಣ್ಣು ಎನ್ನುತ್ತಾರೆ. ಮಾರುವವನಿಗೆ ಕಾರಿನ ಗುಣ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲವನ್ನೂ ಅನುಮಾನಿಸಿ ಸರಾಸರಿ ಬೆಲೆಯನ್ನಷ್ಟೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲೊಲ್ಲ, ಪೇಟೆಯಿಂದ ಹಿಂದೆ ಸರಿಯುತ್ತಾನೆ. ಕಡೆಗೆ ಉಳಿಯುವುದು ಕೆಟ್ಟ ಕಾರುಗಳು ಮಾತ್ರ. ಮಾಹಿತಿಯ ಈ ಅಸಮತೆಯ ಕುರಿತ ಅಧ್ಯಯನಕ್ಕೆ 2001ರಲ್ಲಿ ಅವರಿಗೆ, ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಡನೆ, ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ವ್ಯಾಪಾರ ಬಿರುಸಾಗಿರುವಾಗ ಈ ರೋಗ ಮುಚ್ಚಿಹೋಗುತ್ತದೆ. ಮಂದವಾದಾಗ ಅದರ ಪೂರ್ಣ ರೂಪ ಕಾಣುತ್ತದೆ, ಏಕೆಂದರೆ ಆಗ ಕೊಳ್ಳುವವನಿಗೆ ಅನುಮಾನಿಸಲು ಬೇಕಾದಷ್ಟು ಬಿಡುವಿರುತ್ತದೆ.

ಇದಕ್ಕೆ ಮದ್ದು ಇಲ್ಲವೆಂದೇನಿಲ್ಲ. ಅಮೆರಿಕದಲ್ಲಿ ಮೀಟರ್ ತಿರುಚುವುದನ್ನು 1972ರ ಒಕ್ಕೂಟ ಕಾಯ್ದೆಯೇ ನಿಷೇಧಿಸಿತು. ಮಾರುವಾಗ ಕಾರು ಓಡಿದ ದೂರವನ್ನು ಬರವಣಿಗೆಯಲ್ಲಿ ಕೊಡಬೇಕೆಂಬ ನಿಯಮ ಬಂತು. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ಪ್ರತಿ ವರ್ಷ ನಡೆಯುವ ತಪಾಸಣೆಯಲ್ಲಿ ಮೀಟರಿನ ಅಂಕಿಯನ್ನೂ ಬರೆದುಕೊಳ್ಳುತ್ತಾರೆ; ನೋಂದಣಿ ಸಂಖ್ಯೆ ಗೊತ್ತಿದ್ದ ಯಾರು ಬೇಕಾದರೂ ಆ ಚರಿತ್ರೆಯನ್ನು ನೋಡಬಹುದು. ಬೆಲ್ಜಿಯಂನಲ್ಲಿ 2006ರಿಂದ ‘ಕಾರ್-ಪಾಸ್’ ಎಂಬ ಪತ್ರವಿಲ್ಲದೆ ಹಳೆಯ ಕಾರನ್ನು ಮಾರುವಂತಿಲ್ಲ. ಗ್ಯಾರೇಜಿಗೆ ಹೋದಾಗಲೆಲ್ಲ ದಾಖಲಾದ ಅಂಕಿಗಳು ಅದರಲ್ಲಿರುತ್ತವೆ.

ನಮ್ಮಲ್ಲಿ? ವಿಚಿತ್ರವೆಂದರೆ, ವಾಹನವೊಂದನ್ನು ಸರ್ಕಾರ ಮುಟ್ಟದ ವರ್ಷವೇ ಇಲ್ಲ. ಹೊಗೆ ತಪಾಸಣೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಆಗಬೇಕು. ವಿಮೆಯನ್ನು ನವೀಕರಿಸಬೇಕು. ಹದಿನೈದು ವರ್ಷವಾದ ಮೇಲೆ ಐದು ವರ್ಷಕ್ಕೊಮ್ಮೆ ಕಾರನ್ನೇ ಆರ್‌ಟಿಒ ಕಚೇರಿಗೆ ಕೊಂಡೊಯ್ದು ತೋರಿಸಬೇಕು. ಮಾಲೀಕತ್ವ ಬದಲಾಗುವಾಗ 29 ಮತ್ತು 30ನೇ ನಮೂನೆಗಳನ್ನು ತುಂಬಬೇಕು. ಆ ನಮೂನೆಗಳಲ್ಲಿ ಚಾಸಿ ಸಂಖ್ಯೆಗೆ ಜಾಗವಿದೆ, ಓಡಿದ ದೂರಕ್ಕಿಲ್ಲ. ಹಳೆಯ ವಾಹನಗಳ ವ್ಯಾಪಾರಿಗಳಿಗಾಗಿ ಕೇಂದ್ರ ಸರ್ಕಾರ ರೂಪಿಸಿದ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಮ್ಮ ಸುಪರ್ದಿಯಲ್ಲಿರುವ ವಾಹನದ ಪ್ರತಿ ಓಡಾಟವನ್ನೂ ನೋಂದಾಯಿತ ವ್ಯಾಪಾರಿಗಳು ದಾಖಲಿಸಬೇಕೆಂದು ಅವು ಹೇಳುತ್ತವೆ. ಅಂಗಡಿಯಲ್ಲಿದ್ದ ಕೆಲವು ವಾರಗಳ ಲೆಕ್ಕ ಬೇಕು; ಅದಕ್ಕೆ ಮೊದಲಿನ ಇಪ್ಪತ್ತು ವರ್ಷಗಳ ಲೆಕ್ಕ ಬೇಡ!

ಹೊಣೆಗಾರಿಕೆಯ ವಿಷಯದಲ್ಲಿ ಕಾನೂನು ಇಷ್ಟು ಉದಾರವಾಗಿಲ್ಲ ಎಂಬುದನ್ನೂ ಗಮನಿಸಬೇಕು. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿತು. ಕಾರು ಕೈಬದಲಾಗಿ ಎಷ್ಟೇ ಕಾಲವಾಗಿದ್ದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ಮಾರಿದವನೇ ಸಿಕ್ಕಿಬೀಳುತ್ತಾನೆ. ಕೊಳ್ಳುವವರೇ ಇಲ್ಲವೆಂಬ ಆತುರದಲ್ಲಿ ಖಾಲಿ ನಮೂನೆಗೆ ಸಹಿ ಹಾಕಿ ದಲ್ಲಾಳಿಯ ಕೈಗೆ ಕೀಲಿ ಕೊಡುವವರು ಇದನ್ನು ನೆನಪಿಡುವುದು ಒಳ್ಳೆಯದು. ಮಾಲೀಕನ ಹೆಸರಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ವ್ಯವಸ್ಥೆ, ಮೀಟರಿನ ಅಂಕಿಯ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿ ಕುಳಿತಿರುವುದೇಕೆ? ಮೀಟರ್ ತಿರುಚಿ ಮಾರುವುದು ವಂಚನೆಯೇ, ವಂಚನೆಗೆ ಶಿಕ್ಷೆಯೂ ಇದೆ ಎನ್ನಬಹುದು. ನಿಜ. ಆದರೆ ಹಳೆಯ ಅಂಕಿ ಎಲ್ಲಿಯೂ ಬರೆದಿಲ್ಲವಾದರೆ ವಂಚನೆಯನ್ನು ಸಾಬೀತು ಮಾಡುವುದು ಹೇಗೆ?

ಹೊಸ ಕಚೇರಿ ಬೇಡ, ಹೊಸ ಶುಲ್ಕ ಬೇಡ. ಹೊಗೆ ತಪಾಸಣೆಯ ಪ್ರಮಾಣಪತ್ರದಲ್ಲಿ ಒಂದೇ ಒಂದು ಖಾನೆ ಹೆಚ್ಚಿಸಿ ಮೀಟರಿನ ಅಂಕಿಯನ್ನು ಬರೆಸಿದರೆ ಸಾಕು. ತಪಾಸಣೆಯ ವಿವರ ಹೇಗೂ ‘ವಾಹನ್’ ದತ್ತಾಂಶಕ್ಕೆ ಸೇರುತ್ತದೆ. ಕೊಳ್ಳುವವರು ನೋಂದಣಿ ಸಂಖ್ಯೆ ಕೊಟ್ಟು ಅದನ್ನು ನೋಡುವಂತಾಗಬೇಕು. ಈಗಾಗಲೇ ತಿರುಚಿದ ಅಂಕಿಗಳನ್ನು ಇದು ಸರಿಪಡಿಸಲಾರದು, ಒಪ್ಪುತ್ತೇನೆ. ಆದರೆ ಅಂಕಿ ಒಮ್ಮೆ ದಾಖಲಾದ ಮೇಲೆ ಏರಬಲ್ಲದೇ ಹೊರತು ಇಳಿಯಲಾರದು. ಹೊಗೆ ತಪಾಸಣೆಯೇ ಎಷ್ಟೋ ಕಡೆ ಕಾಟಾಚಾರವಾಗಿರುವಾಗ ಇದನ್ನು ನಂಬುವುದು ಹೇಗೆ ಎಂದು ಕೇಳುವವರಿದ್ದಾರೆ. ಒಂದು ವರ್ಷದ ಅಂಕಿ ಸುಳ್ಳಾಗಬಹುದು. ಹತ್ತು ವರ್ಷದ ಹತ್ತು ಅಂಕಿಗಳನ್ನು ಒಂದಕ್ಕೊಂದು ಹೊಂದುವಂತೆ ಸುಳ್ಳಾಗಿಸುವುದು ಸುಲಭವಲ್ಲ.

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ನಾಗರಿಕರು ಮಾಡಬಹುದಾದದ್ದೂ ಇದೆ. ಮಾರುವವರು ಗ್ಯಾರೇಜಿನ ಪ್ರತಿ ರಸೀದಿಯ ಮೇಲೂ ಕಿಲೋಮೀಟರ್ ಬರೆಸಿ ಜೋಪಾನ ಮಾಡಬೇಕು. ಕೊಳ್ಳುವವರು ಮೀಟರಿಗಿಂತ ಮೊದಲು ಆ ರಸೀದಿಗಳನ್ನು ಕೇಳಬೇಕು. ನಂಬಿಕೆಯ ಮೆಕ್ಯಾನಿಕ್‌ಗೆ ಕಾರನ್ನು ತೋರಿಸಬೇಕು. ಸ್ಟಿಯರಿಂಗ್, ಪೆಡಲು, ಚಾಲಕನ ಆಸನ ಎಷ್ಟು ಸವೆದಿವೆ ಎಂದು ನೋಡಬೇಕು. ಅಂಕಿ ಬದಲಾದರೂ ಸವೆತ ಸುಳ್ಳಾಡದು. ಎಲ್ಲಕ್ಕಿಂತ ಮುಖ್ಯವಾಗಿ, ವಯಸ್ಸಿಗೆ ತಕ್ಕಷ್ಟು ಓಡಿದ ಕಾರನ್ನು ಕಂಡು ಹಿಂಜರಿಯುವುದನ್ನು ಬಿಡಬೇಕು. ನಿಜ ಹೇಳಿದವನ ಬೆಲೆಯನ್ನು ನಾವೇ ಇಳಿಸಿ, ಪೇಟೆಯಲ್ಲಿ ಪ್ರಾಮಾಣಿಕರೇ ಇಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ. ಮೀಟರ್ ತಿರುಗಿಸುವ ಕೈ ದಲ್ಲಾಳಿಯದ್ದೇ ಇರಬಹುದು. ಅದಕ್ಕೆ ಕೂಲಿ ಕೊಡುತ್ತಿರುವುದು ಸುಳ್ಳು ಅಂಕಿಗೆ ಮರುಳಾಗುವ ನಮ್ಮ ಆಸೆಯೇ.