ಒಬ್ಬರ ಶ್ರದ್ಧೆ, ಎಲ್ಲರ ಕಪಾಟು

ಅಮೆರಿಕದ ಸಾರ್ವಜನಿಕ ಶಾಲೆಗಳಿಂದ ಪುಸ್ತಕಗಳನ್ನು ತೆಗೆಸುವ ಚಳವಳಿ 2021ರಿಂದೀಚೆಗೆ ಭಾರಿ ಪ್ರಮಾಣಕ್ಕೆ ಬೆಳೆದಿದೆ. ಲೇಖಕರ ಸಂಘಟನೆಯಾದ ಪೆನ್ ಅಮೆರಿಕ 2023–24ರ ಶೈಕ್ಷಣಿಕ ವರ್ಷವೊಂದರಲ್ಲೇ ಇಂಥ 10,046 ಪ್ರಕರಣಗಳನ್ನು ದಾಖಲಿಸಿದೆ. ಲೈಂಗಿಕತೆ, ಸಲಿಂಗ ಪ್ರೇಮ, ಜನಾಂಗೀಯ ದೌರ್ಜನ್ಯಗಳ ಕುರಿತ ಪುಸ್ತಕಗಳೇ ಹೆಚ್ಚಾಗಿ ಗುರಿಯಾಗಿವೆ. ದೂರು ಕೊಡುವವರಲ್ಲಿ ಹಲವರು ಮುಂದಿಡುವುದು ತಮ್ಮ ಧಾರ್ಮಿಕ ನಂಬಿಕೆಯನ್ನು. ಮಕ್ಕಳನ್ನು ತಮ್ಮ ಶ್ರದ್ಧೆಗೆ ತಕ್ಕಂತೆ ಬೆಳೆಸುವ ಹಕ್ಕು ತಂದೆತಾಯಿಗೆ ಇದ್ದೇ ಇದೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಆ ಹಕ್ಕು ಅವರವರ ಮಕ್ಕಳ ಮಟ್ಟಿಗೆ ಮಾತ್ರ ಸಲ್ಲುತ್ತದೆ. ಎಲ್ಲರ ತೆರಿಗೆಯಿಂದ ನಡೆಯುವ ಶಾಲೆಯಲ್ಲಿ ಒಂದು ನಂಬಿಕೆಯವರು ಎಲ್ಲರ ಮಕ್ಕಳ ಓದನ್ನು ನಿರ್ಧರಿಸುವುದು ಅನ್ಯಾಯ. ಕೊನೆಗೆ ಅದು ಆ ನಂಬಿಕೆಗೂ ಕೇಡು ತರುತ್ತದೆ.

ಈ ಜಗಳ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಡೆಲ್ಫಿಯಾದ ಶಾಲೆಗಳು ಪ್ರೊಟೆಸ್ಟೆಂಟರು ಒಪ್ಪುವ ಕಿಂಗ್ ಜೇಮ್ಸ್ ಬೈಬಲನ್ನು ಮಕ್ಕಳಿಂದ ಓದಿಸುತ್ತಿದ್ದವು. ಕ್ಯಾಥೊಲಿಕ್ ಮಕ್ಕಳಿಗೆ ತಮ್ಮ ಬೈಬಲ್ ಓದಲು ಅವಕಾಶ ಕೊಡಿ ಎಂದು ಅಲ್ಲಿಯ ಕ್ಯಾಥೊಲಿಕ್ ಬಿಷಪ್ ಕೇಳಿದರು. ಇವರು ಶಾಲೆಯಿಂದ ಬೈಬಲನ್ನೇ ಹೊರಹಾಕಲು ಹೊರಟಿದ್ದಾರೆ ಎಂಬ ಸುದ್ದಿ ಹಬ್ಬಿತು. 1844ರ ಗಲಭೆಗಳಲ್ಲಿ ಕ್ಯಾಥೊಲಿಕ್ ಚರ್ಚುಗಳು ಸುಟ್ಟುಹೋದವು, ಜನ ಸತ್ತರು. ಅದೇ ಪೆನ್ಸಿಲ್ವೇನಿಯಾದಿಂದ ಬಂದ ಮೊಕದ್ದಮೆಯಲ್ಲಿ 1963ರಲ್ಲಿ ಸುಪ್ರೀಂ ಕೋರ್ಟ್ ಒಂದು ಗಡಿ ಹಾಕಿತು: ಸಾರ್ವಜನಿಕ ಶಾಲೆ ಬೈಬಲನ್ನು ಪೂಜೆಯಾಗಿ ಓದಿಸುವಂತಿಲ್ಲ, ಸಾಹಿತ್ಯವಾಗಿ, ಇತಿಹಾಸವಾಗಿ ಕಲಿಸಲು ಅಡ್ಡಿಯಿಲ್ಲ. ಧರ್ಮಗ್ರಂಥಕ್ಕೆ ಶಾಲೆಯಲ್ಲಿ ಇಂದಿಗೂ ಜಾಗವಿರುವುದು ಈ ವಿವೇಕದಿಂದ.

ಗ್ರಂಥಾಲಯದ ಪ್ರಶ್ನೆ ಅದೇ ಕೋರ್ಟಿನ ಮುಂದೆ ಬಂದದ್ದು ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್ ಶಾಲಾ ಜಿಲ್ಲೆಯಿಂದ. ಪೋಷಕರ ಸಂಘವೊಂದರ ಸಭೆಯಿಂದ ಆಕ್ಷೇಪಾರ್ಹ ಪುಸ್ತಕಗಳ ಪಟ್ಟಿ ತಂದ ಶಾಲಾ ಮಂಡಳಿಯ ಸದಸ್ಯರು 1976ರಲ್ಲಿ ಅವುಗಳನ್ನು ಕಪಾಟಿನಿಂದ ತೆಗೆಸಿದರು. ಅವು ಅಮೆರಿಕ ವಿರೋಧಿ, ಕ್ರೈಸ್ತ ವಿರೋಧಿ, ಯೆಹೂದಿ ವಿರೋಧಿ, ಅಸಹ್ಯ ಎಂಬುದು ಮಂಡಳಿ ಕೊಟ್ಟ ಕಾರಣ. ಆ ಪಟ್ಟಿಯಲ್ಲಿ ರಿಚರ್ಡ್ ರೈಟ್‌ರ ‘ಬ್ಲ್ಯಾಕ್ ಬಾಯ್’ ಇತ್ತು, ಬರ್ನಾರ್ಡ್ ಮಾಲಮಡ್‌ರ ‘ದಿ ಫಿಕ್ಸರ್’ ಕೂಡ ಇತ್ತು. ‘ದಿ ಫಿಕ್ಸರ್’ ತ್ಸಾರ್ ಕಾಲದ ರಷ್ಯಾದಲ್ಲಿ ಸುಳ್ಳು ಕೊಲೆ ಆರೋಪಕ್ಕೆ ಸಿಕ್ಕ ಬಡ ಯೆಹೂದಿಯ ಕಥೆ. ಬರೆದವರು ಯೆಹೂದಿ ಲೇಖಕರು. ದ್ವೇಷಿಗಳ ಬಾಯಿಂದ ಬರುವ ಸಾಲುಗಳನ್ನಷ್ಟೇ ಕಿತ್ತು ನೋಡಿದರೆ ದ್ವೇಷವನ್ನು ಖಂಡಿಸುವ ಕಾದಂಬರಿಯೂ ದ್ವೇಷದ ಪುಸ್ತಕವಾಗಿ ಕಾಣುತ್ತದೆ. ನಾಲ್ವರು ಪೋಷಕರು, ನಾಲ್ವರು ಶಾಲಾ ಸಿಬ್ಬಂದಿ ಇದ್ದ ಪರಿಶೀಲನಾ ಸಮಿತಿಯನ್ನು ಮಂಡಳಿಯೇ ನೇಮಿಸಿತು. ಅದರ ಶಿಫಾರಸನ್ನು ಬಹುಪಾಲು ತಳ್ಳಿಹಾಕಿದ್ದೂ ಮಂಡಳಿಯೇ. ಸ್ಟೀವನ್ ಪಿಕೊ ಮತ್ತಿತರ ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 1982ರಲ್ಲಿ ಐದು–ನಾಲ್ಕು ಮತಗಳಿಂದ ತೀರ್ಪು ಅವರ ಕಡೆಗೆ ಬಂತು. ವಿಚಾರ ಹಿಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಶಾಲಾ ಗ್ರಂಥಾಲಯದಿಂದ ಪುಸ್ತಕ ತೆಗೆಯುವಂತಿಲ್ಲ ಎಂದು ನ್ಯಾಯಮೂರ್ತಿ ಬ್ರೆನನ್ ಬರೆದರು. ಆದರೆ ಆ ಐವರೂ ಒಂದೇ ಕಾರಣವನ್ನು ಒಪ್ಪಲಿಲ್ಲ. ಹಾಗಾಗಿ ತೀರ್ಪಿನ ತಳಪಾಯ ಗಟ್ಟಿಯಾಗಲಿಲ್ಲ. ಇಂದಿನ ನಿಷೇಧದ ಕಾನೂನುಗಳಿಗೆ ಎಡೆ ಸಿಕ್ಕಿತು.

ಅಂಥ ಕಾನೂನು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಯೂಟಾ ರಾಜ್ಯ ತೋರಿಸಿತು. ಶಾಲೆಗಳಿಂದ ಅಶ್ಲೀಲ ಸಾಮಗ್ರಿ ತೆಗೆಯಬೇಕೆಂಬ ಕಾನೂನು ಅಲ್ಲಿ 2022ರಲ್ಲಿ ಬಂತು. ಆ ವರ್ಷದ ಕೊನೆಯಲ್ಲಿ ಡೇವಿಸ್ ಶಾಲಾ ಜಿಲ್ಲೆಯ ಪೋಷಕರೊಬ್ಬರು ಬೈಬಲ್ ಮೇಲೆಯೇ ದೂರು ಕೊಟ್ಟರು. ಬೈಬಲ್ ಕಾನೂನನ್ನು ಮೀರಿಲ್ಲವಾದರೂ ಅದರಲ್ಲಿರುವ ಹಿಂಸೆ, ಅಸಭ್ಯತೆ ಚಿಕ್ಕ ಮಕ್ಕಳಿಗೆ ತಕ್ಕುದಲ್ಲ ಎಂದ ಸಮಿತಿ 2023ರಲ್ಲಿ ಅದನ್ನು ಪ್ರಾಥಮಿಕ, ಮಾಧ್ಯಮಿಕ ಶಾಲೆಗಳಿಂದ ತೆಗೆಸಿತು. ವಿರೋಧ ಎದ್ದಿತು. ಮಕ್ಕಳಿಗೆ ಬೈಬಲಿನಿಂದ ಸಿಗುವ ಮೌಲ್ಯ ಅದರ ಹಿಂಸೆ, ಅಸಭ್ಯತೆಗಳಿಗಿಂತ ದೊಡ್ಡದು ಎಂದು ಹೇಳಿದ ಮಂಡಳಿ ಜೂನ್‌ನಲ್ಲಿ ಅದನ್ನು ಮರಳಿ ಇರಿಸಿತು. ಆ ನಿರ್ಧಾರ ಸರಿ. ಕೃತಿಯನ್ನು ಇಡಿಯಾಗಿ ತೂಗಬೇಕು, ಬಿಡಿ ಸಾಲುಗಳಿಂದಲ್ಲ ಎಂಬ ನ್ಯಾಯ ಅದರಲ್ಲಿದೆ. ಅದೇ ನ್ಯಾಯ ನಿಷೇಧಕ್ಕೆ ಗುರಿಯಾದ ಟೋನಿ ಮಾರಿಸನ್‌ರ ಕಾದಂಬರಿ ‘ದಿ ಬ್ಲೂಯೆಸ್ಟ್ ಐ’ಗೂ ಸಿಗಬೇಕು. ತನ್ನ ಗ್ರಂಥಕ್ಕೆ ಒಂದು ತಕ್ಕಡಿ, ಪರರ ಪುಸ್ತಕಕ್ಕೆ ಇನ್ನೊಂದು ಎಂಬುದು ಧರ್ಮವಲ್ಲ. ಯೂಟಾ ಮಾತ್ರ ಈ ಪಾಠ ಕಲಿಯಲಿಲ್ಲ. ಮೂರು ಜಿಲ್ಲೆಗಳು ನಿಷೇಧಿಸಿದ ಪುಸ್ತಕವನ್ನು ರಾಜ್ಯದ ಎಲ್ಲ ಸಾರ್ವಜನಿಕ ಶಾಲೆಗಳಿಂದ ತೆಗೆಯುವ ಕಾನೂನನ್ನು 2024ರಲ್ಲಿ ತಂದು, ಆಗಸ್ಟ್‌ನಲ್ಲಿ 13 ಪುಸ್ತಕಗಳ ಮೊದಲ ಪಟ್ಟಿ ಹೊರಡಿಸಿತು.

ನಿಷೇಧದ ಪರವಾಗಿರುವವರ ಒಂದು ಮಾತಿನಲ್ಲಿ ಹುರುಳಿದೆ: ಎಲ್ಲ ಪುಸ್ತಕಗಳೂ ಎಲ್ಲ ವಯಸ್ಸಿಗೆ ಹೊಂದುವುದಿಲ್ಲ. ಎಂಟು ವರ್ಷದವರಿಗೂ ಹದಿನೇಳರವರಿಗೂ ಬೇರೆ ಬೇರೆ ಪುಸ್ತಕ ಆರಿಸುವುದು ಗ್ರಂಥಪಾಲಕರ ನಿತ್ಯದ ಕೆಲಸ. ಪಠ್ಯವಾಗಿ ಕಲಿಸುವಾಗಲೂ ಪೋಷಕರ ಮಾತಿಗೆ ಬೆಲೆಯಿರಬೇಕು. ಮೇರಿಲ್ಯಾಂಡಿನ ಮಾಂಟ್ಗೊಮೆರಿ ಕೌಂಟಿಯ ಶಾಲೆಗಳು ಸಲಿಂಗಿ ಪಾತ್ರಗಳಿರುವ ಕಥೆಪುಸ್ತಕಗಳನ್ನು ತಂದವು. ಆ ಪಾಠದ ಹೊತ್ತಿಗೆ ಮಗುವನ್ನು ಹೊರಗಿರಿಸಲು ಪೋಷಕರಿಗಿದ್ದ ಅವಕಾಶವನ್ನು 2023ರಲ್ಲಿ ರದ್ದುಮಾಡಿದವು. ಮುಸ್ಲಿಂ, ಕ್ಯಾಥೊಲಿಕ್, ಆರ್ಥೊಡಾಕ್ಸ್ ಕುಟುಂಬಗಳು ಕೋರ್ಟಿಗೆ ಹೋದವು. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಆ ಪೋಷಕರು ಕೇಳಿದ್ದು ತಮ್ಮ ಮಕ್ಕಳಿಗೆ ವಿನಾಯಿತಿಯನ್ನು. ಪುಸ್ತಕಗಳನ್ನು ತೆಗೆಯಿರಿ ಎಂದಲ್ಲ. ಆ ಅವಕಾಶವನ್ನು ಕಿತ್ತುಕೊಂಡದ್ದು ಶಾಲಾ ಮಂಡಳಿಯ ತಪ್ಪು. ಶ್ರದ್ಧಾವಂತರ ನ್ಯಾಯವಾದ ಬೇಡಿಕೆಗೆ ದಾರಿ ಮುಚ್ಚಿದರೆ ನಿಷೇಧದ ಕೂಗಿಗೇ ಬಲ ಬರುತ್ತದೆ.

ಆದರೆ ಈಗಿನ ನಿಷೇಧಗಳ ಹಿಂದೆ ಎಲ್ಲ ಪೋಷಕರ ದನಿಯಿಲ್ಲ. 2021–22ರ ಸಾವಿರದಷ್ಟು ದೂರುಗಳನ್ನು ‘ವಾಷಿಂಗ್ಟನ್ ಪೋಸ್ಟ್’ ಪರಿಶೀಲಿಸಿದಾಗ ಶೇ. 60ರಷ್ಟನ್ನು ಕೊಟ್ಟವರು ಕೇವಲ 11 ಜನ ಎಂದು ತಿಳಿಯಿತು. ಲೈಂಗಿಕ ವಿವರಣೆಯ ಆಕ್ಷೇಪ ಬಂದ ಪುಸ್ತಕವನ್ನು ಐದು ಶಾಲಾ ದಿನಗಳೊಳಗೆ ತೆಗೆಯಬೇಕೆಂದು ಫ್ಲಾರಿಡಾದ 2023ರ ಕಾನೂನು ವಿಧಿಸಿತು. ತೀರ್ಮಾನವಾಗುವವರೆಗೆ ಅದು ಮಕ್ಕಳ ಕೈಗೆ ಸಿಗಬಾರದು ಎಂದಿತು. ಹೀಗಾದರೆ ವಿಚಾರಣೆಗೆ ಮೊದಲೇ ಶಿಕ್ಷೆ ಆಗಿಬಿಡುತ್ತದೆ. ದೂರಿನ ಭಯಕ್ಕೆ ಗ್ರಂಥಪಾಲಕರು ತಾವಾಗಿಯೇ ಪುಸ್ತಕ ಕೊಳ್ಳದೆ ಬಿಟ್ಟರೆ ಆ ನಷ್ಟ ಯಾವ ಪಟ್ಟಿಗೂ ಸೇರುವುದಿಲ್ಲ.

ಇದರ ಪೆಟ್ಟು ಜೋರಾಗಿ ತಗಲುವುದು ಅಲ್ಪಸಂಖ್ಯಾತರ ಮಕ್ಕಳಿಗೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ಇದೇ ಶಾಲೆಗಳಲ್ಲಿ ಓದುತ್ತಾರೆ. ಅಲ್ಲಿ ಅವರ ಮನೆಯ ಧರ್ಮ ಬಹುಸಂಖ್ಯಾತರದ್ದಲ್ಲ. ದೂರಿಗೆ ಮಣಿಯುವ ಶಾಲೆಯಲ್ಲಿ ರಾಮಾಯಣ, ಮಹಾಭಾರತದ ಕಥೆಗಳಿಗೂ ರಕ್ಷಣೆಯಿಲ್ಲ. ಇಂದು ಇನ್ನೊಬ್ಬರ ಪುಸ್ತಕವನ್ನು ಕಾಯುವ ನಿಯಮವೇ ನಾಳೆ ಈ ಮಕ್ಕಳ ಪುಸ್ತಕವನ್ನೂ ಕಾಯಬೇಕು.

ನ್ಯಾಯವಾದ ವ್ಯವಸ್ಥೆ ಕಷ್ಟದ್ದೇನೂ ಅಲ್ಲ. ದೂರು ಕೊಡುವವರು ಪುಸ್ತಕವನ್ನು ಪೂರ್ತಿ ಓದಿರಬೇಕು. ಶಿಕ್ಷಕರು, ಗ್ರಂಥಪಾಲಕರು, ಪೋಷಕರು ಇರುವ ಸಮಿತಿಯೂ ಅದನ್ನು ಪೂರ್ತಿ ಓದಿ, ಕಾರಣಗಳನ್ನು ಬರೆದು, ಬಹಿರಂಗವಾಗಿ ತೀರ್ಮಾನಿಸಬೇಕು. ಅಲ್ಲಿಯವರೆಗೆ ಪುಸ್ತಕ ಕಪಾಟಿನಲ್ಲೇ ಇರಬೇಕು. ತಮ್ಮ ಮಗುವಿಗೆ ಒಂದು ಪುಸ್ತಕ ಬೇಡವೆನ್ನುವ ಪೋಷಕರ ಮಾತನ್ನು ಶಾಲೆ ನಡೆಸಿಕೊಡಬೇಕು. ಯಾರ ಮಗುವಿಗೂ ಬೇಡವೆನ್ನುವ ಅಧಿಕಾರವನ್ನು ಯಾವ ಪೋಷಕರಿಗೂ ಕೊಡಬಾರದು.