ಪಂಕ್ತಿಯಲ್ಲಿ ಮೌನ

ಊಟಕ್ಕೆ ಮುನ್ನ ಸ್ನೇಹಿತರೆಲ್ಲ ಕಣ್ಮುಚ್ಚಿ ಪ್ರಾರ್ಥಿಸುವಾಗ ನಂಬಿಕೆಯಿಲ್ಲದವನು ಏನು ಮಾಡಬೇಕು? ಪ್ರಶ್ನೆ ಕಿರಿದೆನಿಸಬಹುದು. ಆದರೆ ಪಂಕ್ತಿಭೇದದ ಕಹಿಯನ್ನು ಉಂಡ ಸಮಾಜದಲ್ಲಿ ಎಲೆಯ ಮುಂದೆ ಕುಳಿತವನ ನಡೆ ಕೇವಲ ಶಿಷ್ಟಾಚಾರದ ವಿಷಯವಲ್ಲ. ನಂಬದ ಮಾತನ್ನು ನುಡಿದರೆ ಆತ್ಮವಂಚನೆ, ಎದ್ದುಹೋದರೆ ಸ್ನೇಹಭಂಗ.

ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಗುಜರಾತಿಗೆ ತೆರಳುವ ಕನ್ನಡಿಗನಿಗೆ ಈ ಇಕ್ಕಟ್ಟು ಹಲವು ರೂಪಗಳಲ್ಲಿ ಎದುರಾಗುತ್ತದೆ. ಅಹಮದಾಬಾದ್, ವಡೋದರಗಳ ವೈಷ್ಣವ ಮನೆಗಳಲ್ಲಿ ಅಡುಗೆ ಮೊದಲು ಠಾಕೋರ್‌ಜಿಗೆ ನೈವೇದ್ಯವಾಗಿ ಅನಂತರ ಅತಿಥಿಯ ತಟ್ಟೆಗೆ ಬರುತ್ತದೆ. ಸೂರತ್ತಿನ ದಾವೂದಿ ಬೋಹರಾ ಮನೆಗಳಲ್ಲಿ ಒಂದೇ ದೊಡ್ಡ ತಟ್ಟೆಯ ಸುತ್ತ ಕುಳಿತು, ದೇವರ ಹೆಸರು ಹೇಳಿ, ಚಿಟಿಕೆ ಉಪ್ಪಿನಿಂದ ಊಟ ಆರಂಭಿಸುತ್ತಾರೆ. ದೇವರ ಹೆಸರು ಹೇಳಲಾರದವನೂ ಆ ಉಪ್ಪನ್ನು ನಾಲಗೆಗೆ ಇಟ್ಟುಕೊಳ್ಳಬಲ್ಲ. ಉಪ್ಪಿನ ಋಣ ಆಸ್ತಿಕನಿಗೆ ಮಾತ್ರ ಮೀಸಲಾದುದಲ್ಲ.

ಈ ಸಂದರ್ಭದಲ್ಲಿ ಅಹಮದಾಬಾದಿನ ನವಜೀವನ ಸಂಸ್ಥೆ ೧೯೫೧ರಲ್ಲಿ ಪ್ರಕಟಿಸಿದ ‘ಆ್ಯನ್ ಎಥೀಸ್ಟ್ ವಿತ್ ಗಾಂಧಿ’ ಎಂಬ ಕಿರುಹೊತ್ತಗೆ ಸ್ಮರಣೀಯ. ಅದರ ಕರ್ತೃ, ‘ಗೋರಾ’ ಎಂದೇ ಹೆಸರಾದ ಆಂಧ್ರದ ಗೋಪರಾಜು ರಾಮಚಂದ್ರರಾವ್, ೧೯೪೪ರಲ್ಲಿ ವಾರ್ಧಾ ಬಳಿಯ ಸೇವಾಗ್ರಾಮಕ್ಕೆ ಹೋದಾಗ ತಮ್ಮ ನಾಸ್ತಿಕತೆಯನ್ನು ಮುಚ್ಚಿಡಲಿಲ್ಲ. ಪ್ರಾರ್ಥನೆಯನ್ನೇ ಉಸಿರಾಗಿಸಿಕೊಂಡಿದ್ದ ಗಾಂಧೀಜಿ ಅದನ್ನು ತ್ಯಜಿಸಬೇಕೆಂದು ವಿಧಿಸಲೂ ಇಲ್ಲ. ಗೋರಾ ಅವರ ಮಗಳ ಅಂತರ್ಜಾತೀಯ ವಿವಾಹದ ಪ್ರಮಾಣವಚನದಲ್ಲಿ ‘ದೇವರು’ ಎಂಬುದರ ಬದಲಿಗೆ ‘ಸತ್ಯ’ ಎಂದು ಹೇಳಲು ಅವರು ಸಮ್ಮತಿಸಿದ್ದರು. ಅವರ ಹತ್ಯೆಯ ಬಳಿಕ, ೧೯೪೮ರ ಮಾರ್ಚಿನಲ್ಲಿ, ಆ ವಿವಾಹ ಸೇವಾಗ್ರಾಮದಲ್ಲಿಯೇ ನೆರವೇರಿತು.

ಆಶ್ರಮಗಳಲ್ಲಿಯೂ ಹಲವು ವಿದ್ಯಾರ್ಥಿನಿಲಯಗಳಲ್ಲಿಯೂ ಊಟಕ್ಕೆ ಮೊದಲು ಹೇಳುವ, ತೈತ್ತಿರೀಯೋಪನಿಷತ್ತಿನ ‘ಸಹನಾವವತು’ ಮಂತ್ರದಲ್ಲಿ ಯಾವ ದೇವರ ಹೆಸರೂ ಇಲ್ಲ. ಆದ್ದರಿಂದ ನಾಸ್ತಿಕನೂ ಅದನ್ನು ಹೇಳಬಹುದಲ್ಲ ಎನ್ನುವವರುಂಟು. ಇದು ಕೇವಲ ಜಾಣತನದ ವಾದ. ಹೆಸರಿಲ್ಲದಿದ್ದರೂ ‘ರಕ್ಷಿಸಲಿ’ ಎಂಬ ಕ್ರಿಯಾಪದ ರಕ್ಷಕನೊಬ್ಬನನ್ನು ಅಪೇಕ್ಷಿಸುತ್ತದೆ. ವ್ಯಾಕರಣದ ಮರೆಯಲ್ಲಿ ನಿಂತು ಪ್ರಾಮಾಣಿಕತೆಯನ್ನು ಉಳಿಸಿಕೊಳ್ಳಲಾಗದು. ಆದರೆ ಮಂತ್ರ ಹೇಳುವವರೂ ಒಂದಂಶವನ್ನು ಮರೆಯಬಾರದು. ಗುರುಶಿಷ್ಯರು ಪರಸ್ಪರ ದ್ವೇಷಿಸದಿರಲಿ ಎಂಬುದೇ ಅದರ ಕೊನೆಯ ಹಾರೈಕೆ. ಸುಮ್ಮನೆ ಕುಳಿತವನತ್ತ ಕಣ್ಣು ಕೆಂಪಾಗಿಸಿದವನು ತಾನು ಹೇಳಿದ ಮಂತ್ರವನ್ನು ತಾನೇ ಅಲ್ಲಗಳೆದಂತಾಯಿತು.

ಎ. ಎನ್. ಮೂರ್ತಿರಾಯರ ‘ದೇವರು’ (೧೯೯೧) ಕೃತಿಯನ್ನು ಓದಿದ ಕನ್ನಡಿಗರಿಗೆ, ನಿರಾಕರಣೆಯೂ ಸೌಜನ್ಯವೂ ಒಂದೆಡೆ ಬಾಳಬಲ್ಲವೆಂಬುದು ಹೊಸ ಮಾತಲ್ಲ. ಊಟದ ಪಂಕ್ತಿಯಲ್ಲಿ ಆ ಸೌಜನ್ಯದ ರೂಪ ಮೌನ. ಪ್ರಾರ್ಥನೆ ಮುಗಿಯುವವರೆಗೆ ಅನ್ನಕ್ಕೆ ಕೈಹಚ್ಚದಿರುವುದು, ತುಟಿಯಾಡಿಸಿ ನಟಿಸದಿರುವುದು, ತುಟಿಯಂಚಿನಲ್ಲಿ ನಗದಿರುವುದು, ಯಾರಾದರೂ ಕೇಳಿದರೆ ನಿಜವನ್ನೇ ಹೇಳುವುದು: ನಂಬದವನ ಹೊಣೆ ಇಷ್ಟು. ಅವನಿಂದ ಬಲವಂತವಾಗಿ ಮಂತ್ರ ಹೇಳಿಸದೆ, ಹೇಳಲಿಲ್ಲವೆಂದು ಎಲೆಯನ್ನು ದೂರ ಸರಿಸದೆ ಬಡಿಸುವುದು ನಂಬಿದವನ ಹೊಣೆ. ಆ ಅರೆನಿಮಿಷದ ಮೌನದಲ್ಲಿ ಒಬ್ಬ ದೇವರನ್ನು ನೆನೆಯಲಿ, ಇನ್ನೊಬ್ಬ ಬೆಳೆದವನನ್ನೂ ಅಟ್ಟವಳನ್ನೂ ನೆನೆಯಲಿ. ಅನ್ನ ಆರುವುದರೊಳಗೆ ಇಬ್ಬರೂ ಒಟ್ಟಿಗೆ ಉಣ್ಣಲಿ.